ಕೂಡುವ ಮೂಳೆ, ಕೂಡದ ಮೃದ್ವಸ್ಥಿ

ಶಾಲೆಯ ಬಯಲಿನಲ್ಲಿ ಕಬಡ್ಡಿಯ ಪಂದ್ಯ ನಡೆದಿತ್ತು. ಎದುರು ತಂಡದ ಅಂಗಳಕ್ಕೆ ನುಗ್ಗಿದ ಹುಡುಗನೊಬ್ಬನನ್ನು ನಾಲ್ವರು ಹಿಡಿದು ಕೆಡವಿದರು. ಅವನ ಕಣಕಾಲಿನ ಮೂಳೆ ಮುರಿಯಿತು. ನೋವಿನಿಂದ ಅವನು ಕೂಗಿಕೊಂಡ. ಜನ ಸೇರಿದರು, ಆಸ್ಪತ್ರೆಗೆ ಹೊತ್ತೊಯ್ದರು, ವೈದ್ಯರು ಪ್ಲಾಸ್ಟರ್ ಪಟ್ಟು ಹಾಕಿದರು. ಅದೇ ಪಂದ್ಯದಲ್ಲಿ ಅವನ ಗೆಳೆಯನ ಪಾದ ನೆಲದಲ್ಲಿ ಊರಿದಂತೆಯೇ ಮೈ ಒಂದು ಪಕ್ಕಕ್ಕೆ ತಿರುಗಿ ಮಂಡಿ ಉಳುಕಿತು. ಅವನು ಮಂಡಿಯನ್ನು ಸವರಿಕೊಂಡು ಎದ್ದ, ಆಟವನ್ನು ಮುಂದುವರಿಸಿದ. ಆ ರಾತ್ರಿ ಮಂಡಿ ಊದಿಕೊಂಡಿತು. ತಿಳಿಸಿದರೆ ಮುಂದಿನ ಪಂದ್ಯ ಕೈತಪ್ಪೀತೆಂದು ಹೆದರಿ ಅವನು ಮನೆಯವರಿಗೆ ಹೇಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಊತ ಇಳಿಯಿತು. ಅವನು ಮತ್ತೆ ಆಡಿದ.

ಊರಿನವರೆಲ್ಲ ಮರುಗಿದ್ದು ಮೂಳೆ ಮುರಿದ ಹುಡುಗನಿಗಾಗಿ. ಆದರೆ ಹತ್ತು ವರ್ಷಗಳ ತರುವಾಯ ನೋಡಿದರೆ, ಅವನ ಕಾಲು ಎಲ್ಲಿ ಮುರಿದಿತ್ತೆಂಬುದು ಅವನಿಗೇ ಮರೆತುಹೋಗಿದೆ. ಮಂಡಿ ಉಳುಕಿದವನು ಮಾತ್ರ ಮೆಟ್ಟಿಲು ಇಳಿಯುವಾಗ ಗೋಡೆಯನ್ನು ಹಿಡಿಯುತ್ತಾನೆ. ಕೆಳಗೆ ಕುಳಿತರೆ ಏಳುವುದು ಕಷ್ಟವಾಗುತ್ತದೆ. ಇಂಥ ಇಬ್ಬರು ಗೆಳೆಯರು ಯಾವ ಊರಿನಲ್ಲಾದರೂ ಸಿಕ್ಕಾರು. ದೊಡ್ಡದೆಂದು ತೋರಿದ ಪೆಟ್ಟು ಮಾಯ್ದು, ಸಣ್ಣದೆಂದು ತೋರಿದ ಪೆಟ್ಟು ಉಳಿದುಕೊಂಡುದು ಏತಕ್ಕೆ? ಈ ಪ್ರಶ್ನೆಗೆ ಉತ್ತರ ಮಂಡಿಯ ಒಳಗೇ ಇದೆ.

ಮಾನವ ದೇಹದ ಕೀಲುಗಳಲ್ಲೆಲ್ಲ ಮಂಡಿಯೇ ದೊಡ್ಡದು. ಮೇಲಿನಿಂದ ತೊಡೆಯ ಮೂಳೆಯೂ ಕೆಳಗಿನಿಂದ ಕಣಕಾಲಿನ ಮೂಳೆಯೂ ಬಂದು ಇಲ್ಲಿ ಸಂಧಿಸುತ್ತವೆ. ಮುಂದುಗಡೆ ಮಂಡಿಚಿಪ್ಪು ಗುರಾಣಿಯಂತೆ ನಿಂತಿದೆ. ಆದರೆ ಮೂಳೆಗೆ ಮೂಳೆ ನೇರವಾಗಿ ತಾಗುವುದಿಲ್ಲ. ಪ್ರತಿಯೊಂದರ ತುದಿಗೂ ಮುತ್ತಿನ ಬಣ್ಣದ ನುಣುಪಾದ ಹೊದಿಕೆಯೊಂದುಂಟು. ಅದೇ ಮೃದ್ವಸ್ಥಿ. ಅದರ ದಪ್ಪ ಬಹುಪಾಲು ೨ರಿಂದ ೪ ಮಿಲಿಮೀಟರ್ ಮಾತ್ರ. ಮಂಡಿಚಿಪ್ಪಿನ ಹಿಂಬದಿಯಲ್ಲಿ ತುಸು ಹೆಚ್ಚು. ಎರಡು ಮೂಳೆಗಳ ನಡುವೆ ಬಿದಿಗೆಯ ಚಂದ್ರನ ಆಕಾರದ ಎರಡು ಮೆತ್ತೆಗಳೂ ಇವೆ. ಅವುಗಳಿಗೆ ಮೆನಿಸ್ಕಸ್ ಎಂದು ಹೆಸರು. ಇಡೀ ಕೀಲನ್ನು ಒಂದು ಚೀಲ ಸುತ್ತುವರಿದಿದೆ. ಆ ಚೀಲದ ಒಳಪೊರೆಯಿಂದ ಸ್ರವಿಸುವ ಲೋಳೆಯಂಥ ಕೀಲುದ್ರವ ಎಲ್ಲವನ್ನೂ ತೋಯಿಸುತ್ತದೆ. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಮಿಕ್ಕ ಭಾರ ಬೀಳುತ್ತದೆ. ಅಷ್ಟು ಭಾರದಲ್ಲಿಯೂ ಮೃದ್ವಸ್ಥಿಯ ಮೇಲೆ ಮೃದ್ವಸ್ಥಿ ಜಾರುವ ಸರಾಗ, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತ ಮಿಗಿಲಾದುದು.

ಮೂಳೆಯೂ ಮೃದ್ವಸ್ಥಿಯೂ ಹೀಗೆ ಒಂದಕ್ಕೊಂದು ಅಂಟಿಕೊಂಡಿರುವ ನೆರೆಹೊರೆಯವರು. ಆದರೆ ಅವುಗಳ ಬಾಳು ತೀರ ಬೇರೆ ಬೇರೆ. ಮೊದಲು ಮೂಳೆಯನ್ನು ನೋಡಬಹುದು.

ಮುರಿದ ಮೂಳೆ ಕೂಡುತ್ತದೆಂಬುದು ಬಹಳ ಹಿಂದಿನಿಂದ ತಿಳಿದ ಸಂಗತಿ. ಸುಶ್ರುತ ಸಂಹಿತೆಯಲ್ಲಿ ಮೂಳೆಮುರಿತದ ಬಗೆಗಳನ್ನೂ ಅದರ ಚಿಕಿತ್ಸೆಯನ್ನೂ ಹೇಳುವ ಅಧ್ಯಾಯಗಳಿವೆ. ಮುರಿದ ಭಾಗವನ್ನು ಎಳೆದು ಸರಿಹೊಂದಿಸಿ, ಹಿಪ್ಪೆ, ಅತ್ತಿ, ಅರಳಿ ಮುಂತಾದ ಮರಗಳ ತೊಗಟೆಯನ್ನೋ ಬಿದಿರಿನ ದಬ್ಬೆಯನ್ನೋ ಇಟ್ಟು ಕಟ್ಟಬೇಕೆಂದು ಅಲ್ಲಿ ಹೇಳಿದೆ. ಇಂದಿನ ಪ್ಲಾಸ್ಟರ್ ಪಟ್ಟಿನ ಕೆಲಸವೂ ಇದೇ. ಪಟ್ಟು ಮೂಳೆಯನ್ನು ಕೂಡಿಸುವುದಿಲ್ಲ. ಮುರಿದ ತುದಿಗಳು ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಕೂಡಿಸುವ ಕೆಲಸ ದೇಹದ್ದು.

ದೇಹ ಅದನ್ನು ಹೇಗೆ ಮಾಡುತ್ತದೆ? ಈ ಗುಟ್ಟು ಹೊರಬಿದ್ದುದು ಒಂದು ಊಟದ ಎಲೆಯಿಂದ ಎನ್ನಬಹುದು. ೧೭೩೬ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಷಿಯರ್ ಬಟ್ಟೆಗೆ ಬಣ್ಣದ ಅಚ್ಚು ಹಾಕುವವನೊಬ್ಬನ ಮನೆಗೆ ಊಟಕ್ಕೆ ಹೋಗಿದ್ದನು. ಅಲ್ಲಿ ಬಡಿಸಿದ ಹಂದಿಮಾಂಸದ ಮೂಳೆ ಕೆಂಪಗಿತ್ತು. ವಿಚಾರಿಸಿದಾಗ, ಮಂಜಿಷ್ಠದ ಜಾತಿಯ ಬೇರಿನ ಬಣ್ಣದಲ್ಲಿ ನೆನೆದ ತವುಡನ್ನು ಆ ಹಂದಿಗಳಿಗೆ ತಿನ್ನಿಸುತ್ತಿದ್ದರೆಂದು ತಿಳಿಯಿತು. ಫ್ರಾನ್ಸಿನ ಸಸ್ಯವಿಜ್ಞಾನಿ ದ್ಯುಹಾಮೆಲ್ ಈ ಸುದ್ದಿಯನ್ನು ಕೇಳಿ ಪ್ರಯೋಗಕ್ಕೆ ತೊಡಗಿದನು. ಪ್ರಾಣಿಗಳಿಗೆ ಕೆಲವು ವಾರ ಬಣ್ಣದ ಮೇವನ್ನು ಕೊಟ್ಟು, ಕೆಲವು ವಾರ ನಿಲ್ಲಿಸಿ, ಮತ್ತೆ ಕೊಟ್ಟನು. ಅವುಗಳ ಮೂಳೆಯನ್ನು ಕೊಯ್ದು ನೋಡಿದಾಗ ಕೆಂಪು ಮತ್ತು ಬಿಳಿಯ ಪದರಗಳು ಒಂದಾದ ಮೇಲೊಂದು ಕಂಡುವು. ಮೂಳೆ ಸತ್ತ ಕಂಬವಲ್ಲ. ಅದು ಮರದ ಕಾಂಡದಂತೆ ಪದರ ಪದರವಾಗಿ ಬೆಳೆಯುವ ಜೀವಂತ ವಸ್ತು. ಮರದ ತೊಗಟೆಯ ಕೆಳಗೆ ಬೆಳವಣಿಗೆ ನಡೆಯುವಂತೆ, ಮೂಳೆಯ ಮೇಲೆ ಹಬ್ಬಿರುವ ಪೊರೆಯಿಂದ ಹೊಸ ಮೂಳೆ ಹುಟ್ಟುತ್ತದೆಂದು ಅವನು ಸಾರಿದನು.

ಇಂದು ತಿಳಿದಿರುವಂತೆ ಮೂಳೆ ಕೂಡುವ ಕಾರ್ಯ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಮೂಳೆಯ ಒಳಗೂ ಹೊರಗೂ ರಕ್ತನಾಳಗಳು ಹೇರಳವಾಗಿವೆ. ಮೂಳೆ ಮುರಿದೊಡನೆ ಅವು ಹರಿದು, ಸುರಿದ ರಕ್ತ ಬಿರುಕಿನಲ್ಲಿ ಹೆಪ್ಪುಗಟ್ಟುತ್ತದೆ. ನೋಡುವವರಿಗೆ ಇದು ಹಾನಿ. ಮೂಳೆಗಾದರೋ ಇದೇ ಮೊದಲ ಅಡಿಗಲ್ಲು. ಹೆಪ್ಪಿನಿಂದ ಹೊರಡುವ ರಾಸಾಯನಿಕ ಸಂಕೇತಗಳು ಬಿಳಿಯ ರಕ್ತಕಣಗಳನ್ನು ಕರೆಯುತ್ತವೆ. ಅವು ಸತ್ತ ಚೂರುಗಳನ್ನು ತೆಗೆದು ಜಾಗವನ್ನು ಶುಚಿಮಾಡುತ್ತವೆ. ಇದು ಮೊದಲನೆಯ ಹಂತ. ಆಮೇಲೆ ಮೂಳೆಯ ಪೊರೆಯಿಂದಲೂ ಮಜ್ಜೆಯಿಂದಲೂ ಎಳೆಯ ಜೀವಕೋಶಗಳು ಬಂದು, ಎರಡು ಮೂರು ವಾರಗಳಲ್ಲಿ ಬಿರುಕಿನ ಸುತ್ತ ಮೆತ್ತನೆಯ ಸೇತುವೆಯೊಂದನ್ನು ಕಟ್ಟುತ್ತವೆ. ಇದಕ್ಕೆ ಕ್ಯಾಲಸ್ ಎಂದು ಹೆಸರು. ಮೂರನೆಯ ಹಂತದಲ್ಲಿ ರಕ್ತನಾಳಗಳು ಈ ಸೇತುವೆಯೊಳಗೆ ಹೊಕ್ಕು, ಸುಣ್ಣದ ಲವಣಗಳು ಸೇರಿ, ಕೆಲವು ತಿಂಗಳುಗಳಲ್ಲಿ ಅದು ಗಟ್ಟಿಯಾದ ಮೂಳೆಯಾಗುತ್ತದೆ. ಆಗ ಆ ಜಾಗ ಗಂಟಿನಂತೆ ಉಬ್ಬಿರುತ್ತದೆ. ನಾಲ್ಕನೆಯ ಹಂತ ತಿದ್ದುವಿಕೆಯದು. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು ಮುಂದೆ ಮುಂದೆ ಹೋಗುತ್ತವೆ. ಹೊಸ ಮೂಳೆಯನ್ನು ಕಟ್ಟುವ ಕೋಶಗಳು ಹಿಂದೆ ಹಿಂದೆ ಬರುತ್ತವೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೀಗೆ ಕೆತ್ತುತ್ತ ಕಟ್ಟುತ್ತ ಅವು ಮೂಳೆಗೆ ಅದರ ಮೊದಲಿನ ಆಕಾರವನ್ನೇ ಕೊಡುತ್ತವೆ.

ಚರ್ಮ ಹರಿದರೆ ಗಾಯದ ಕಲೆ ಉಳಿಯುತ್ತದೆ. ಮೂಳೆ ಮಾತ್ರ ಕಲೆಯಿಲ್ಲದೆ ಮಾಯಬಲ್ಲದು. ಮುರಿಯದ ಮೂಳೆಯಲ್ಲಿಯೂ ಈ ಕೆಡವಿ ಕಟ್ಟುವ ಕೆಲಸ ನಿಲ್ಲುವುದಿಲ್ಲ. ವಯಸ್ಕರ ಅಸ್ಥಿಪಂಜರದಲ್ಲಿ ಪ್ರತಿವರ್ಷ ಸುಮಾರು ಹತ್ತನೆಯ ಒಂದು ಭಾಗ ಹೊಸದಾಗುತ್ತದೆ. ಎಲ್ಲಿ ಭಾರ ಬೀಳುವುದೋ ಅಲ್ಲಿ ಮೂಳೆ ಬಲಿಯುತ್ತದೆ, ಎಲ್ಲಿ ಕೆಲಸವಿಲ್ಲವೋ ಅಲ್ಲಿ ಸೊರಗುತ್ತದೆ ಎಂಬ ನಿಯಮವನ್ನು ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ ೧೮೯೨ರಲ್ಲಿ ಪ್ರಕಟಿಸಿದನು.

ಇನ್ನು ಮೃದ್ವಸ್ಥಿಯ ಕಡೆಗೆ ತಿರುಗಿದರೆ ಬೇರೊಂದು ಲೋಕವೇ ಕಾಣುತ್ತದೆ. ಅದರ ತೂಕದಲ್ಲಿ ನೂರಕ್ಕೆ ೬೫ರಿಂದ ೮೦ ಪಾಲು ನೀರು. ಆ ನೀರನ್ನು ಹಿಡಿದಿಟ್ಟಿರುವುದು ಕೊಲ್ಯಾಜನ್ ಎಂಬ ಗಟ್ಟಿ ನಾರುಗಳ ಬಲೆ ಮತ್ತು ಆ ಬಲೆಯ ಸಂದುಗಳಲ್ಲಿ ತುಂಬಿರುವ, ನೀರನ್ನು ಹೀರುವ ದೊಡ್ಡ ಅಣುಗಳು. ಜೀವಕೋಶಗಳೋ ಬಲು ವಿರಳ. ಒಟ್ಟು ಗಾತ್ರದಲ್ಲಿ ನೂರಕ್ಕೆ ೫ ಪಾಲನ್ನು ಮೀರವು. ಒಂದೊಂದು ಕೋಶವೂ ತನ್ನ ಪುಟ್ಟ ಗೂಡಿನಲ್ಲಿ ಒಂಟಿಯಾಗಿ ಸೆರೆಯಾಗಿದೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಬೆಳೆದವರ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ನರಗಳೂ ಇಲ್ಲ.

ಹಾಗಾದರೆ ಅದಕ್ಕೆ ಆಹಾರ ಬರುವುದು ಎಲ್ಲಿಂದ? ಕೀಲುದ್ರವದಿಂದ. ನಡೆಯುವಾಗ ಕಾಲೂರಿದೊಡನೆ ಮೃದ್ವಸ್ಥಿ ಒದ್ದೆ ಬಟ್ಟೆಯನ್ನು ಅದುಮಿದಂತೆ ಒಳಗಿನ ನೀರನ್ನು ಹೊರಗೆ ಬಿಡುತ್ತದೆ. ಕಾಲೆತ್ತಿದೊಡನೆ ದ್ರವವನ್ನು ಮತ್ತೆ ಹೀರಿಕೊಳ್ಳುತ್ತದೆ. ಹೀಗೆ ಹೀರಿದ ದ್ರವದೊಡನೆ ಪೋಷಕಾಂಶಗಳೂ ಒಳಸೇರುತ್ತವೆ. ಮೃದ್ವಸ್ಥಿಯ ಪಾಲಿಗೆ ನಡಿಗೆಯೇ ಊಟ.

ರಕ್ತನಾಳಗಳಿಲ್ಲದುದರಿಂದ ಮೃದ್ವಸ್ಥಿ ತೆಳ್ಳಗೂ ನುಣುಪಾಗಿಯೂ ಇದ್ದು ಅಷ್ಟೊಂದು ಒತ್ತಡವನ್ನು ತಡೆಯಬಲ್ಲದು. ಆದರೆ ಪೆಟ್ಟು ಬಿದ್ದಾಗ ಇದೇ ಅದರ ಕೊರತೆಯಾಗುತ್ತದೆ. ಮೃದ್ವಸ್ಥಿ ಹರಿದರೆ ರಕ್ತ ಸುರಿಯದು, ರಕ್ತವಿಲ್ಲದೆ ಹೆಪ್ಪಿಲ್ಲ, ಹೆಪ್ಪಿಲ್ಲದೆ ಕರೆಯಿಲ್ಲ, ಕರೆಯಿಲ್ಲದೆ ಕೆಲಸಗಾರರು ಬಾರರು. ಪಕ್ಕದ ಕೋಶಗಳು ತಮ್ಮ ಗೂಡುಗಳಿಂದ ಹೊರಬಂದು ಬಿರುಕನ್ನು ತುಂಬಲಾರವು. ನರಗಳಿಲ್ಲದುದರಿಂದ ನೋವಿನ ಸುದ್ದಿಯೂ ಕೂಡಲೇ ಮುಟ್ಟದು. ಕೀಲಿನ ಒಳಪೊರೆ ಕೆರಳಿದಾಗಲೋ ಅಡಿಯ ಮೂಳೆಗೆ ಪೆಟ್ಟು ತಟ್ಟಿದಾಗಲೋ ಮಾತ್ರ ನೋವು ತಿಳಿಯುತ್ತದೆ. ಮಂಡಿ ಉಳುಕಿದ ಹುಡುಗನಿಗೆ ಆದುದು ಇದೇ. ಊತ ಇಳಿದುದನ್ನು ಅವನು ಗುಣವೆಂದು ಬಗೆದನು. ಒಳಗಿನ ಬಿರುಕು ಹಾಗೆಯೇ ಇತ್ತು.

ಈ ಸಂಗತಿಯನ್ನು ಲಂಡನ್ನಿನಲ್ಲಿ ನೆಲೆಸಿದ್ದ ವಿಲಿಯಂ ಹಂಟರ್ ಎಂಬ ತರುಣ ಅಂಗರಚನಾ ಶಾಸ್ತ್ರಜ್ಞ ೧೭೪೩ರಲ್ಲಿಯೇ ರಾಯಲ್ ಸೊಸೈಟಿಯ ಮುಂದಿಟ್ಟಿದ್ದನು. ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬಾರದೆಂಬುದು ಅವನ ಪ್ರಬಂಧದ ಸಾರ. ಆಗ ಅವನಿಗೆ ೨೫ರ ಆಸುಪಾಸಿನ ವಯಸ್ಸು. ಎರಡೂವರೆ ಶತಮಾನಗಳಿಗೂ ಮಿಕ್ಕ ಕಾಲ ಕಳೆದರೂ ಅವನ ಮಾತು ಸುಳ್ಳಾಗಿಲ್ಲ.

ಇಲ್ಲಿ ಒಂದು ಸೋಜಿಗವುಂಟು. ಮುರಿದ ಮೂಳೆಯ ಸುತ್ತ ಮೊದಲು ಕಟ್ಟುವ ಮೆತ್ತನೆಯ ಸೇತುವೆಯಲ್ಲಿ ಹೆಚ್ಚಿನ ಪಾಲು ಮೃದ್ವಸ್ಥಿಯೇ. ಮೂಳೆಯನ್ನು ಕೂಡಿಸಲು ಹೊಸ ಮೃದ್ವಸ್ಥಿಯನ್ನು ಸೃಷ್ಟಿಸಬಲ್ಲ ದೇಹ, ಕೀಲಿನ ಮೃದ್ವಸ್ಥಿಗೆ ತೇಪೆ ಹಾಕಲಾರದು. ಕೊರತೆ ಕುಶಲತೆಯದಲ್ಲ, ಕೆಲಸಗಾರರು ಹೋಗಿ ಮುಟ್ಟುವ ದಾರಿಯದು. ಮೆನಿಸ್ಕಸ್ ಇದಕ್ಕೆ ಒಳ್ಳೆಯ ಸಾಕ್ಷಿ. ಈ ಮೆತ್ತೆಯ ಹೊರ ಅಂಚಿನಲ್ಲಿ ಮಾತ್ರ, ಅಗಲದ ನೂರಕ್ಕೆ ೧೦ರಿಂದ ೩೦ ಪಾಲಿನವರೆಗೆ, ರಕ್ತನಾಳಗಳಿವೆಯೆಂದು ಅಮೆರಿಕದ ಆರ್ನೋಸ್ಕಿ ಮತ್ತು ವಾರೆನ್ ೧೯೮೨ರಲ್ಲಿ ತೋರಿಸಿಕೊಟ್ಟರು. ಹೊರ ಅಂಚಿನಲ್ಲಿ ಹರಿದ ಮೆನಿಸ್ಕಸ್ಸನ್ನು ಹೊಲಿದರೆ ಅದು ಕೂಡಬಲ್ಲದು. ಒಳ ಅಂಚಿನ ಹರಿತ ತಾನಾಗಿ ಕೂಡುವುದು ಬಲು ಅಪರೂಪ. ಒಂದೇ ಮೆತ್ತೆಯಲ್ಲಿ ರಕ್ತ ಮುಟ್ಟುವ ಕಡೆ ವಾಸಿ; ಮುಟ್ಟದ ಕಡೆ ಇಲ್ಲ.

ಹಿಂದೆ ಮೆನಿಸ್ಕಸ್ ಹರಿದಾಗ ಅದನ್ನು ಬೇಡದ ವಸ್ತುವೆಂದು ಬಗೆದು ಇಡಿಯಾಗಿ ಕತ್ತರಿಸಿ ತೆಗೆಯುತ್ತಿದ್ದರು. ಹಾಗೆ ತೆಗೆದ ಮಂಡಿಗಳ ಎಕ್ಸ್-ರೇ ಚಿತ್ರಗಳನ್ನು ಇಂಗ್ಲೆಂಡಿನ ವೈದ್ಯ ಫೇರ್‌ಬ್ಯಾಂಕ್ ೧೯೪೮ರಲ್ಲಿ ಪರಿಶೀಲಿಸಿದಾಗ ಕೀಲಿನ ಎಡೆ ಕಿರಿದಾಗಿ, ಮೂಳೆಯ ಆಕಾರ ಬದಲಾಗಿರುವುದು ಕಂಡಿತು. ಮೆತ್ತೆ ಹೋದ ಮೇಲೆ ಭಾರವೆಲ್ಲ ಮೃದ್ವಸ್ಥಿಯ ಮೇಲೆ ಬಿದ್ದು ಅದು ಬೇಗ ಸವೆಯುತ್ತಿತ್ತು. ಅಂದಿನಿಂದ ಕ್ರಮೇಣ ವೈದ್ಯರು ಸಾಧ್ಯವಾದಷ್ಟನ್ನು ಉಳಿಸುವ ದಾರಿಗೆ ಬಂದರು.

ರಕ್ತ ತಾನಾಗಿ ಬಾರದಿದ್ದರೆ ಅದನ್ನು ಬರಿಸಬಾರದೇಕೆ? ಈ ಯೋಚನೆಯಿಂದ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯ ಕೆನೆತ್ ಪ್ರೈಡಿ, ಮೃದ್ವಸ್ಥಿ ಸವೆದುಹೋದ ಜಾಗದಲ್ಲಿ ಅಡಿಯ ಮೂಳೆಗೆ ಸಣ್ಣ ರಂಧ್ರಗಳನ್ನು ಕೊರೆಯುವ ವಿಧಾನವನ್ನು ೧೯೫೯ರಲ್ಲಿ ಪ್ರಕಟಿಸಿದನು. ೧೯೮೦ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಮೊನಚಾದ ದಬ್ಬಳದಂಥ ಸಲಕರಣೆಯಿಂದ ಇನ್ನೂ ಚಿಕ್ಕ ರಂಧ್ರಗಳನ್ನು ಮಾಡುವ ಕ್ರಮವನ್ನು ಬೆಳೆಸಿದನು. ರಂಧ್ರಗಳಿಂದ ಮಜ್ಜೆಯ ರಕ್ತ ಉಕ್ಕಿ, ಹೆಪ್ಪುಗಟ್ಟಿ, ಹಳ್ಳ ತುಂಬುತ್ತದೆ. ಆದರೆ ಹೀಗೆ ಬೆಳೆದುದು ನಾರು ಹೆಚ್ಚಾದ, ಒರಟಾದ ಮೃದ್ವಸ್ಥಿ. ಅದು ಒಳ್ಳೆಯ ತೇಪೆಯೇ ಹೊರತು ಮೊದಲಿನ ನೇಯ್ಗೆಯಲ್ಲ. ಕೆಲವು ವರ್ಷ ನೆಮ್ಮದಿ ಕೊಟ್ಟು ಅದು ಅನೇಕರಲ್ಲಿ ಸವೆಯುತ್ತದೆ.

ಸ್ವೀಡನ್ನಿನ ಗೊಟೆನ್‌ಬರ್ಗ್ ನಗರದ ವೈದ್ಯರು ಬೇರೊಂದು ಹಾದಿ ಹಿಡಿದರು. ರೋಗಿಯ ಮಂಡಿಯಲ್ಲಿ ಭಾರ ಬೀಳದ ಅಂಚಿನಿಂದ ಮೃದ್ವಸ್ಥಿಯ ಚೂರನ್ನು ತೆಗೆದು, ಅದರ ಕೋಶಗಳನ್ನು ಗೂಡಿನಿಂದ ಬಿಡಿಸಿ, ಪ್ರಯೋಗಶಾಲೆಯಲ್ಲಿ ಕೆಲವು ವಾರ ಸಾಕಿ ಸಂಖ್ಯೆಯನ್ನು ಹೆಚ್ಚಿಸಿ, ಮರಳಿ ಅದೇ ಮಂಡಿಯ ಹಳ್ಳದಲ್ಲಿ ನೆಟ್ಟರು. ೧೯೮೭ರಲ್ಲಿ ಮೊದಲ ಶಸ್ತ್ರಕ್ರಿಯೆ ನಡೆಯಿತು. ೨೩ ಮಂದಿಯ ಚಿಕಿತ್ಸೆಯ ವಿವರವನ್ನು ಬ್ರಿಟ್‌ಬರ್ಗ್, ಪೀಟರ್ಸನ್ ಮತ್ತು ಸಂಗಡಿಗರು ೧೯೯೪ರಲ್ಲಿ ಪ್ರಕಟಿಸಿದರು. ತೊಡೆಮೂಳೆಯ ತುದಿಯ ಗಾಯವಿದ್ದ ೧೬ ಮಂದಿಯಲ್ಲಿ ೧೪ ಮಂದಿಗೆ ಒಳ್ಳೆಯ ಫಲ ದೊರೆಯಿತು. ಮಂಡಿಚಿಪ್ಪಿನ ಗಾಯವಿದ್ದವರಲ್ಲಿ ಅಷ್ಟು ಫಲ ಕಾಣಲಿಲ್ಲ. ಕೆನಡಾದ ಟೊರಾಂಟೊ ನಗರದ ರಾಬರ್ಟ್ ಸಾಲ್ಟರ್ ಮೊಲಗಳ ಮಂಡಿಯ ಮೇಲೆ ನಡೆಸಿದ ಪ್ರಯೋಗಗಳನ್ನು ೧೯೮೦ರಲ್ಲಿ ಪ್ರಕಟಿಸಿದನು. ಕಟ್ಟಿಹಾಕಿದ ಮಂಡಿಗಿಂತ ಮೆಲ್ಲಮೆಲ್ಲನೆ ಮಡಿಸಿ ಬಿಡಿಸುತ್ತಿದ್ದ ಮಂಡಿಯಲ್ಲಿ ಗಾಯ ಎಷ್ಟೋ ಚೆನ್ನಾಗಿ ತುಂಬಿತ್ತು. ಈ ಪ್ರಯತ್ನಗಳಿಂದ ಅನೇಕರು ಮತ್ತೆ ನಡೆದಾಡುವಂತಾಗಿದ್ದಾರೆ. ಆದರೂ ಹುಟ್ಟಿನಿಂದ ಬಂದ ಮೃದ್ವಸ್ಥಿಗೆ ಸರಿಸಮನಾದುದನ್ನು ಖಚಿತವಾಗಿ ಮಾಡಿಕೊಡುವ ವಿಧಾನ ಇನ್ನೂ ಕೈಗೆ ಬಂದಿಲ್ಲ.

ಹುಟ್ಟಿನಿಂದ ಬಂದ ಮೃದ್ವಸ್ಥಿ ಎಂದರೆ ಎಷ್ಟು ಹಳೆಯದು? ಇದಕ್ಕೆ ಉತ್ತರ ಸಿಕ್ಕಿದ ಬಗೆ ವಿಸ್ಮಯಕರವಾದುದು. ೧೯೫೦ರ ದಶಕದಲ್ಲಿಯೂ ೧೯೬೦ರ ದಶಕದ ಮೊದಲಲ್ಲಿಯೂ ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-೧೪ ಎಂಬ ವಿಕಿರಣಶೀಲ ಇಂಗಾಲ ಹೆಚ್ಚಿತು. ೧೯೬೩ರ ಒಪ್ಪಂದದ ತರುವಾಯ ಅದು ಕ್ರಮವಾಗಿ ಇಳಿಯತೊಡಗಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಅನ್ನಕ್ಕೆ, ಅನ್ನದಿಂದ ಮೈಗೆ ಸೇರಿದ ಈ ಇಂಗಾಲ, ದೇಹದ ಯಾವ ಭಾಗ ಯಾವ ವರ್ಷ ಕಟ್ಟಿದುದೆಂದು ಹೇಳುವ ಮುದ್ರೆಯಾಯಿತು. ಡೆನ್ಮಾರ್ಕಿನ ಸಂಶೋಧಕರು ಮಂಡಿಯ ಮೃದ್ವಸ್ಥಿಯಲ್ಲಿ ಈ ಮುದ್ರೆಯನ್ನು ಓದಿ ೨೦೧೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೃದ್ವಸ್ಥಿಯ ಕೊಲ್ಯಾಜನ್ ಬಲೆ ಎಳೆಯ ಪ್ರಾಯದಲ್ಲಿಯೇ ನೇಯ್ದು ಮುಗಿಯುತ್ತದೆ. ಆಮೇಲೆ ಅದು ಹೊಸದಾಗುವುದು ಇಲ್ಲವೆಂದೇ ಹೇಳಬೇಕು. ಮುಪ್ಪಿನವರ ಮಂಡಿಯಲ್ಲಿರುವುದು ಅವರು ಬೆಳೆಯುವ ವಯಸ್ಸಿನಲ್ಲಿ ನೇಯ್ದ ಬಲೆಯೇ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ಮಟ್ಟಿಗೆ ಈ ಮಾತಿಗೆ ವಿಶೇಷ ಅರ್ಥವಿದೆ. ಬಾಳಿನುದ್ದಕ್ಕೂ ಅವನನ್ನೋ ಅವಳನ್ನೋ ಹೊತ್ತು ನಡೆಸಬೇಕಾದ ನೇಯ್ಗೆ ಈ ವಯಸ್ಸಿನ ಆಸುಪಾಸಿನಲ್ಲಿಯೇ ಸಿದ್ಧವಾಗುತ್ತಿದೆ. ಹೆದರಿ ಆಟವನ್ನು ಬಿಡಬೇಕೆಂದು ಇದರ ತಾತ್ಪರ್ಯವಲ್ಲ. ಓಟ, ಜಿಗಿತ, ನಡಿಗೆಗಳಿಂದಲೇ ಮೂಳೆ ಬಲಿಯುತ್ತದೆ; ಮೃದ್ವಸ್ಥಿಗೆ ಆಹಾರ ದೊರೆಯುತ್ತದೆ. ಬಿಡಬೇಕಾದುದು ಪೆಟ್ಟನ್ನು ಮುಚ್ಚಿಡುವ ಅಭ್ಯಾಸವನ್ನು. ತಿರುಚಿ ಊದಿದ ಮಂಡಿ, ನಡುವೆ ಸಿಕ್ಕಿಹಾಕಿಕೊಳ್ಳುವ ಮಂಡಿ, ಭಾರ ಹೊರಲಾರದೆ ಕುಸಿಯುವ ಮಂಡಿ, ಇವನ್ನು ವೈದ್ಯರಿಗೆ ತೋರಿಸಬೇಕು. ಅವರು ಹೇಳುವವರೆಗೆ ಅಂಗಳಕ್ಕೆ ಇಳಿಯಬಾರದು.

ಮುರಿದ ಮೂಳೆ ಕೂಗಿ ಹೇಳಿತು. ಹತ್ತು ಜನ ಓಡಿಬಂದರು. ಮೃದ್ವಸ್ಥಿಗೆ ಕೂಗುವ ದನಿಯಿಲ್ಲ. ಅದರ ಪರವಾಗಿ ಮಾತನಾಡಬೇಕಾದವನು ಆ ಮಂಡಿಯ ಒಡೆಯನೇ. ಆ ರಾತ್ರಿ ಊದಿದ ಮಂಡಿಯನ್ನು ಹುಡುಗ ತನ್ನ ತಾಯಿಗೆ ತೋರಿಸಿದ್ದರೆ ಅವನಿಗೆ ತಪ್ಪುತ್ತಿದ್ದುದು ಒಂದು ಪಂದ್ಯ ಮಾತ್ರ.

ಅಭ್ಯಾಸ

ಅ) ಪದಗಳ ಅರ್ಥ
ಮೃದ್ವಸ್ಥಿ – ಕೀಲುಗಳಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ಮೆತ್ತನೆಯ ಎಲುಬು
ದಬ್ಬೆ – ಬಿದಿರಿನ ಸೀಳು
ಮಾಯು – ಗಾಯ ಗುಣವಾಗು
ದಬ್ಬಳ – ಗೋಣಿ ಹೊಲಿಯುವ ದಪ್ಪ ಸೂಜಿ
ಸೋಜಿಗ – ಅಚ್ಚರಿ

ಆ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
೧. ಪ್ಲಾಸ್ಟರ್ ಪಟ್ಟಿನ ಕೆಲಸವೇನು?
೨. ಹಂದಿಗಳ ಮೂಳೆ ಕೆಂಪಗಾಗಲು ಕಾರಣವೇನು?
೩. ಮೃದ್ವಸ್ಥಿಗೆ ಆಹಾರ ಎಲ್ಲಿಂದ ದೊರೆಯುತ್ತದೆ?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
೧. ಮುರಿದ ಮೂಳೆ ಕೂಡುವ ನಾಲ್ಕು ಹಂತಗಳನ್ನು ವಿವರಿಸಿರಿ.
೨. ಮೆನಿಸ್ಕಸ್ಸಿನ ಹೊರ ಅಂಚು ಕೂಡಬಲ್ಲದು, ಒಳ ಅಂಚು ಕೂಡಲಾರದು. ಏಕೆ?
೩. ಮೃದ್ವಸ್ಥಿಯ ವಯಸ್ಸನ್ನು ವಿಜ್ಞಾನಿಗಳು ಹೇಗೆ ಕಂಡುಹಿಡಿದರು?

ಈ) ಸಂದರ್ಭದೊಡನೆ ವಿವರಿಸಿರಿ.
೧. “ಮೃದ್ವಸ್ಥಿಯ ಪಾಲಿಗೆ ನಡಿಗೆಯೇ ಊಟ.”
೨. “ಕೊರತೆ ಕುಶಲತೆಯದಲ್ಲ, ಕೆಲಸಗಾರರು ಹೋಗಿ ಮುಟ್ಟುವ ದಾರಿಯದು.”

ಉ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಮೃದ್ವಸ್ಥಿ, ಕಾಲೂರಿ, ನಡಿಗೆಯೇ